ಕಡಲಿಗೆ ಬೆನ್ನು ಕೊಡಬೇಡ

ಡಾಕ್ಟರಮ್ಮ ಇನ್ನೂ ಹುಡುಗಿ, ಲುಗೋ ಕಡೆಯವಳು,
ರಜೆಯಲ್ಲಷ್ಟೇ ಕಡಲು ಕಂಡವಳು.
ಬಿಳಿ ಮಾತ್ರೆ ಬರೆದುಕೊಟ್ಟು, ಕೈ ಹಿಡಿದು ಹೇಳಿದಳು:
“ದೊಸಿಂದಾ, ಈ ಕ್ಷಣದಲ್ಲಿ ಇರುವುದನ್ನು ಕಲಿಯಿರಿ.”
ನಗು ಬಂತು. ತಡೆದುಕೊಂಡೆ.
ಮೂವತ್ತೊಂದು ವರ್ಷದಿಂದ
ಅದೇ ನನ್ನ ಹೊಟ್ಟೆಪಾಡು.

ಇಳಿತದ ಹೊತ್ತಿಗೆ ಬಂಡೆಗಿಳಿಯುತ್ತೇವೆ ನಾವು,
ಸೊಂಟಕ್ಕೆ ಹಗ್ಗ, ಕೈಯಲ್ಲಿ ಚಪ್ಪಟೆ ಉಳಿ,
ಹೊಟ್ಟೆಯ ಮೇಲೆ ಬಲೆಚೀಲ.
ನೀರು ಹಿಂದೆ ಸರಿದಾಗ ಕಪ್ಪು ಕಲ್ಲಿನ ಬಿರುಕಲ್ಲಿ
ಕಾಣುತ್ತವೆ ಪೆರ್ಸೆಬೆಗಳು:
ಮುದುಕರ ಹೆಬ್ಬೆರಳಿನ ಹಾಗೆ, ಉಗುರು ಸಮೇತ.
ಎಲ್ಲಿ ಏಟು ಜಾಸ್ತಿಯೋ ಅಲ್ಲೇ ದಪ್ಪಗೆ ಬೆಳೆಯುವ ಹಟಮಾರಿಗಳು.

ಅಲೆಗೂ ಅಲೆಗೂ ನಡುವೆ ಒಂಬತ್ತು ಉಸಿರು.
ಕೆಲವೊಮ್ಮೆ ಆರೇ. ಯಾರೂ ಮುಂಚೆ ಹೇಳುವುದಿಲ್ಲ.
ಆ ಆರು ಉಸಿರಲ್ಲಿ
ಎಕ್ಸ್‌ರೇಯಲ್ಲಿ ಕಂಡ ಮಸುಕು ಚುಕ್ಕೆ ಇಲ್ಲ,
ಮೂರು ವಾರದಿಂದ ಫೋನೆತ್ತದ ಮಗಳು ಇಲ್ದಾರಾ ಇಲ್ಲ,
ಬೇಲಿಯನ್ನು ಒಂದಡಿ ಈಚೆ ಸರಿಸಿದ ತಂಗಿಯ ಗಂಡನಿಲ್ಲ.
ಉಳಿಯ ತುದಿ ಇದೆ. ಕಲ್ಲಿದೆ.
ಪಾಚಿಯ ಮೇಲೆ ಜಾರಲೋ ಬೇಡವೋ ಎನ್ನುವ ಎಡಗಾಲಿದೆ.

ಕೆಲಸ ಕಲಿಸಿದವಳು ಬಲ್ಬಿನಾ ಅತ್ತೆ.
ಅವಳ ಪಾಠ ಒಂದೇ ಸಾಲು:
ಕಡಲಿಗೆ ಬೆನ್ನು ಕೊಡಬೇಡ.
ಎಲಾದಿಯೊ ಕೊಟ್ಟ, ಒಂದೇ ಸಲ,
ಮೇಲಿನಿಂದ ಯಾರೋ ಹೆಸರು ಕೂಗಿದರೆಂದು.
ಟೋಪಿ ಸಿಕ್ಕಿತು.

ನನ್ನ ತಾಪತ್ರಯ ಇರುವುದು ನೆಲದ ಮೇಲೆ.
ರಾತ್ರಿ ಎರಡಕ್ಕೆ, ಹಾಸಿಗೆಯಲ್ಲಿ,
ತಲೆಯೊಳಗೆ ಮೀನಿನ ಹರಾಜುಕಟ್ಟೆ ಬಾಗಿಲು ತೆರೆಯುತ್ತದೆ.
ಒಂದು ಚಿಂತೆ ಕೂಗಿದ ಬೆಲೆಗೆ
ಇನ್ನೊಂದು ಮೇಲೆ ಕೂಗುತ್ತದೆ.
ಕೊಳ್ಳುವವಳು ನಾನೊಬ್ಬಳೇ,
ಆದರೂ ದರ ಏರುತ್ತಲೇ ಹೋಗುತ್ತದೆ.
ಮಗ್ಗಲು ಬದಲಿಸುತ್ತೇನೆ. ರೇಡಿಯೊ ಹಾಕುತ್ತೇನೆ.
ದಿಂಬಿನಡಿ ತಲೆ ತುರುಕುತ್ತೇನೆ.

ಮೊನ್ನೆ ಮಂಗಳವಾರ ಕೆಂಪು ಬಾವುಟ, ಕೆಲಸವಿಲ್ಲ.
ಆ ರಾತ್ರಿ ಎದ್ದು ಅಡುಗೆಮನೆಗೆ ಹೋದೆ,
ನೀರು ಕುಡಿಯಲು ಅಂತ.
ಹೊರಗೆ ಕಡಲು ಒದರುತ್ತಿತ್ತು.
ಲೋಟ ಹಿಡಿದು ನಿಂತಾಗ ಹೊಳೆಯಿತು:
ಅಯ್ಯೋ ಪೆದ್ದಿ,
ಇಷ್ಟು ರಾತ್ರಿಗಳೂ ನೀನು ಬೆನ್ನು ಕೊಟ್ಟೇ ಓಡಿದ್ದು.

ತಿರುಗಿ ನಿಂತೆ.
ಮೊದಲು ಬಂದದ್ದು ಎಕ್ಸ್‌ರೇಯ ಅಲೆ, ದೊಡ್ಡದು.
ಬಾ ಎಂದೆ. ಮೊಣಕಾಲು ಬಗ್ಗಿಸಿ
ಸಿಂಕಿನ ಅಂಚನ್ನು ಬಂಡೆಯಂತೆ ಹಿಡಿದೆ.
ತಲೆಯ ಮೇಲೆ ಹಾದು ಹೋಯಿತು, ಉಸಿರು ಕಟ್ಟಿಸಿಕೊಂಡು.
ಆಮೇಲೆ, ಅದು ಹಿಂದೆ ಸರಿದ ಜಾಗದಲ್ಲಿ,
ಅಂಗಾಲಿಗೆ ಹೆಂಚಿನ ತಣ್ಪು.
ಫ್ರಿಜ್ಜಿನ ಗುಂಯ್ಗುಟ್ಟುವಿಕೆ.
ಹೆಬ್ಬೆರಳ ಸೀಳಿನಲ್ಲಿ ಉಪ್ಪಿನ ಚುರುಚುರು.
ಅಷ್ಟನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಮತ್ತೆ ಬಂತು, ಇಲ್ದಾರಾಳ ಅಲೆ.
ಅದಕ್ಕೆ ಸ್ವಲ್ಪ ಒದ್ದೆಯಾದೆ, ಒಪ್ಪುತ್ತೇನೆ.
ಸರಿಯಿತು. ಮೇಜಿನ ಮೇಲೆ ಒಂದು ಆಲೂಗೆಡ್ಡೆ,
ಅದರ ಕಣ್ಣಲ್ಲಿ ಬಿಳಿ ಮೊಳಕೆ.
ಎಷ್ಟು ಹೊತ್ತು ನೋಡಿದೆನೋ!
ಬೇಲಿಯ ಅಲೆ ಬಂದಾಗ ನಗುವೇ ಬಂತು.
ಒಂದಡಿ ನೆಲ! ಪಾದ ನೆನೆಸಿ ಹೋಯಿತು.

ಕಡಲು ನಿಂತಿತು ಅಂತ ಯಾರು ಹೇಳಿದರು?
ಬಲ್ಬಿನಾ ಅತ್ತೆಯೂ ಹೇಳಿರಲಿಲ್ಲ.
ಮಾತ್ರೆಯನ್ನೂ ನುಂಗಿದೆ, ಸುಳ್ಳು ಯಾಕೆ.
ಮಲಗಿದಾಗ ನಾಲ್ಕು ಗಂಟೆ ಇದ್ದಿರಬೇಕು,
ಮುಖ ಕಿಟಕಿಯ ಕಡೆಗೆ.

ನಾಳೆ ಇಳಿತ ಏಳೂ ಹತ್ತಕ್ಕೆ.
ಹಗ್ಗ ಬಾಗಿಲ ಹಿಂದೆ, ಮೊಳೆಯಲ್ಲಿದೆ.